ಬೀಗದ ಕೈ ಯಾರಿಗೆ ಕೊಟ್ಟು ಬರ್ತೀರಿ?

ವೀಸಾ ಕೈಸೇರಿದ ದಿನದಿಂದ ವಿಮಾನ ಹತ್ತುವವರೆಗೆ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಮೂರು ಲೀಟರಿನ ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ, ಅಮ್ಮ ಬಲವಂತವಾಗಿ ತುರುಕಿದ ಹಪ್ಪಳ, ಎರಡು ದಪ್ಪ ಸ್ವೆಟರ್. ಈಗೀಗ ಈ ಪಟ್ಟಿಗೆ ಹೊಸದೊಂದು ಸೇರಿಕೊಂಡಿದೆ: ‘ಅಲ್ಲಿಗೆ ಹೋದ ಮೇಲೆ ಏನಾದರೂ ವಾಲಂಟಿಯರಿಂಗ್ ಮಾಡಬೇಕು’. ಕೆಲವರಿಗೆ ಅದು ರೆಸ್ಯೂಮೆಗೆ ಒಂದು ಸಾಲು. ಕೆಲವರಿಗೆ ಒಂಟಿತನ ಕಳೆಯುವ ದಾರಿ. ಇನ್ನು ಕೆಲವರಿಗೆ ಡಿಗ್ರಿಯಲ್ಲಿದ್ದಾಗ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಹತ್ತಿದ ರುಚಿ. ಮೂರೂ ಒಳ್ಳೆಯ ಕಾರಣಗಳೇ.

ಆದರೆ ಪರದೇಶದಲ್ಲಿ ಸೇವೆಗೆ ಇಳಿಯುವವರಿಗೆ ಊರಿನಲ್ಲಿಲ್ಲದ ಒಂದು ತೊಡಕಿದೆ. ಅಲ್ಲಿ ನಾವಿರುವುದು ಲೆಕ್ಕದ ದಿನ. ಮಾಸ್ಟರ್ಸ್ ಎಂದರೆ ಒಂದೋ ಎರಡೋ ವರ್ಷ. ಆನ್‌ಸೈಟ್ ಎಂದರೆ ಆರೇ ತಿಂಗಳೂ ಆಗಬಹುದು. ನಾವು ಪೆಟ್ಟಿಗೆ ಕಟ್ಟಿದ ಮರುವಾರವೇ ನಾವು ಶುರುಮಾಡಿದ್ದು ನಿಂತುಹೋದರೆ ಅದನ್ನು ನಂಬಿಕೊಂಡವರು ಏನು ಮಾಡಬೇಕು? ಜರ್ಮನಿಯ ಸಣ್ಣ ಊರೊಂದರಲ್ಲಿ ಕೊನೆಯ ಸೆಮಿಸ್ಟರ್ ಓದುತ್ತಿರುವ ನನಗೆ ಈ ಪ್ರಶ್ನೆ ಈಗ ಬಲು ಹತ್ತಿರದ್ದು. ಈ ವರ್ಷ ಹೊರಡುತ್ತಿರುವ ತಮ್ಮ ತಂಗಿಯರಿಗೆ ಉಪಯೋಗವಾದೀತು ಎಂದು ನೋಡಿದ್ದು, ಓದಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಆಡುತ್ತಾ ನೀರೆತ್ತುವ ಚಕ್ರ

ಒಳ್ಳೆಯ ಮನಸ್ಸಿದ್ದರೆ ಸಾಕು ಎನ್ನುವವರು ‘ಪ್ಲೇಪಂಪ್’ ಕಥೆಯನ್ನು ಒಮ್ಮೆ ಕೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಯಂತ್ರ ಅದು. ಶಾಲೆಯ ಅಂಗಳದಲ್ಲಿ ಮಕ್ಕಳು ಕೂತು ಗಿರಗಿರನೆ ತಿರುಗುವ ಚಕ್ರ. ಚಕ್ರ ತಿರುಗಿದಂತೆ ಕೊಳವೆಬಾವಿಯ ನೀರು ಎತ್ತರದ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಸುತ್ತ ಜಾಹೀರಾತು ಫಲಕ, ಅದರ ಬಾಡಿಗೆಯಿಂದ ರಿಪೇರಿ ಖರ್ಚು. ಮಕ್ಕಳಿಗೆ ಆಟ, ಊರಿಗೆ ನೀರು! ಕೇಳಿದವರೆಲ್ಲ ಮರುಳಾದರು. 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕ ಸರ್ಕಾರ ಮತ್ತು ಖಾಸಗಿ ಪ್ರತಿಷ್ಠಾನಗಳು ಸೇರಿ 1.64 ಕೋಟಿ ಡಾಲರ್ ಘೋಷಿಸಿದವು. 2010ರೊಳಗೆ 10 ದೇಶಗಳಲ್ಲಿ 4,000 ಪಂಪ್ ನಿಲ್ಲಿಸುವುದು ಗುರಿ.

ಮಕ್ಕಳು ಎಷ್ಟು ಹೊತ್ತು ಆಡಿಯಾರು? ಪಾಠದ ಹೊತ್ತಿನಲ್ಲಿ ಆಟವಿಲ್ಲ, ಮಳೆಯಲ್ಲಿ ಆಟವಿಲ್ಲ, ಬೆಳಗಿನ ಅಡುಗೆಗೆ ನೀರು ಬೇಕಾದಾಗಲಂತೂ ಆಟವಿಲ್ಲ. ಕೊನೆಗೆ ಕೊಡ ಹಿಡಿದು ಬಂದ ಹೆಂಗಸರೇ ಬಗ್ಗಿ ಬಗ್ಗಿ ಆ ಚಕ್ರವನ್ನು ತಳ್ಳಬೇಕಾಯಿತು. ಹೇಳಿಕೊಂಡಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ಕೆಟ್ಟರೆ ಊರಿನ ಮೆಕ್ಯಾನಿಕ್ ಕೈಗೆ ಎಟುಕುವ ಯಂತ್ರವೂ ಅದಲ್ಲ, ತಿಂಗಳುಗಟ್ಟಲೆ ಕಾಯಬೇಕು. ಕೆಲವು ಕಡೆ ಚೆನ್ನಾಗಿ ನಡೆಯುತ್ತಿದ್ದ ಕೈಪಂಪನ್ನು ಕಿತ್ತು ಇದನ್ನು ಕೂರಿಸಿದ್ದರು. ಹಣ ಹಾಕಿದ ಮುಖ್ಯ ಸಂಸ್ಥೆಯಾದ ಕೇಸ್ ಫೌಂಡೇಷನ್ 2010ರಲ್ಲಿ, ‘ಅಂದುಕೊಂಡಂತೆ ಆಗಲಿಲ್ಲ’ ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡಿದ್ದನ್ನು ಮೆಚ್ಚಬೇಕು. ಆದರೆ ಪಂಪ್ ಕೂರಿಸುವ ಮೊದಲೇ ಕೇಳಬಹುದಾಗಿದ್ದ ಪ್ರಶ್ನೆಗಳು ಎರಡೇ ಎರಡು. ನಿಮಗೆ ಇದು ಬೇಕಾ? ಕೆಟ್ಟರೆ ಯಾರು ರಿಪೇರಿ ಮಾಡುತ್ತೀರಿ?

ಎರಡು ವಾರದ ಅಕ್ಕ, ಎರಡು ವಾರದ ಅಣ್ಣ

ಇದಕ್ಕಿಂತ ಕಳವಳದ ಸಂಗತಿ ಅನಾಥಾಲಯ ಪ್ರವಾಸದ್ದು. ಕಾಂಬೋಡಿಯಾದಂಥ ದೇಶಗಳಿಗೆ ರಜೆಯಲ್ಲಿ ಹೋಗಿ, ದುಡ್ಡು ಕಟ್ಟಿ, ಎರಡು ವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು, ಅವರನ್ನು ತಬ್ಬಿ ಫೋಟೊ ತೆಗೆಸಿಕೊಂಡು ಬರುವ ಪ್ಯಾಕೇಜುಗಳಿವೆ. ಯೂನಿಸೆಫ್ ಪ್ರಕಾರ 2005ರಿಂದ 2010ರ ನಡುವೆ ಕಾಂಬೋಡಿಯಾದ ಅನಾಥಾಲಯಗಳ ಸಂಖ್ಯೆ ಶೇ 75ರಷ್ಟು ಏರಿತ್ತು. ಅಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಾಯಿಯೋ ತಂದೆಯೋ ಬದುಕಿದ್ದರು. ಅನಾಥರು ಹೆಚ್ಚಿದ್ದಕ್ಕೆ ಅನಾಥಾಲಯ ಹೆಚ್ಚಲಿಲ್ಲ. ನೋಡಲು ಬರುವವರು, ಕೊಡುವವರು ಹೆಚ್ಚಿದ್ದಕ್ಕೆ ಬಡವರ ಮಕ್ಕಳು ಅನಾಥಾಲಯ ಸೇರಿದರು. ‘ಮಕ್ಕಳು ಪ್ರವಾಸಿ ತಾಣಗಳಲ್ಲ’ ಎಂಬ ಪ್ರಚಾರಾಂದೋಲನವನ್ನೇ ಅಲ್ಲಿನ ಸಂಸ್ಥೆಗಳು ನಡೆಸಬೇಕಾಯಿತು.

ಮಗುವಿನ ಕಣ್ಣಿನಿಂದ ಇದನ್ನು ನೋಡಿ. ಎರಡು ವಾರಕ್ಕೊಬ್ಬ ಹೊಸ ಅಕ್ಕ, ಹೊಸ ಅಣ್ಣ. ಹಚ್ಚಿಕೊಂಡ ಕೂಡಲೇ ಹೊರಟುಹೋಗುತ್ತಾರೆ. ಹಾಗಾಗಿ ಮಕ್ಕಳ ಜೊತೆಗಿನ ಕೆಲಸಕ್ಕೆ ನನ್ನದು ಒಂದು ಸರಳ ನಿಯಮ: ಕಡೇಪಕ್ಷ ಒಂದು ಪೂರ್ತಿ ಶಾಲಾ ವರ್ಷ ಇರುತ್ತೇನೆ ಎಂದು ಮಾತು ಕೊಡಲು ಆಗದಿದ್ದರೆ ಅದಕ್ಕೆ ಕೈಹಾಕಬಾರದು. ನೀವು ಆರಿಸಿಕೊಂಡ ಸಂಸ್ಥೆ ಸರಿಯಾದದ್ದೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯೂ ಇದೆ. ಮಕ್ಕಳ ಜೊತೆ ಕೆಲಸ ಮಾಡಲು ಬಂದವರಿಂದ ಜರ್ಮನಿಯಲ್ಲಿ ಪೊಲೀಸ್ ದಾಖಲೆಯ ವಿಶೇಷ ಪ್ರಮಾಣಪತ್ರ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಡಿಬಿಎಸ್ ಎಂಬ ಹಿನ್ನೆಲೆ ತಪಾಸಣೆ ಇದೆ. ಸ್ವಯಂಸೇವಕರಿಗೆ ಎರಡಕ್ಕೂ ಶುಲ್ಕವಿಲ್ಲ. ಯಾವ ಕಾಗದವನ್ನೂ ಕೇಳದೆ ‘ನಾಳೆಯಿಂದಲೇ ಬನ್ನಿ’ ಎನ್ನುವ ಜಾಗಕ್ಕೆ ಹೋಗಲೇಬೇಡಿ.

ರಂಗೋಲಿಯಲ್ಲಿ ಊರಿನ ನಕ್ಷೆ

ಮೊದಲು ಕೇಳು, ಆಮೇಲೆ ಮಾಡು. ಈ ಪಾಠ ಕಲಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆ ಆಮೇಲೆ ದಕ್ಷಿಣ ಕರ್ನಾಟಕದ ಹಳ್ಳಿಗಳ ಕಡೆ ಹೊರಳಿತು. 1980ರ ದಶಕದ ನಡುವೆ ಅದು ಬೆಂಬಲಿಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಆಗ ಸದಸ್ಯರೇ ಹತ್ತು ಹದಿನೈದು ಜನರ ಗುಂಪು ಕಟ್ಟಿಕೊಂಡು, ಪರಸ್ಪರ ನಂಬಿಕೆಯುಳ್ಳವರು ಮಾತ್ರ ಒಟ್ಟಾಗಿ, ಸಾಲ ತೀರಿಸಲು ಮುಂದೆ ಬಂದರು. ಸಂಸ್ಥೆ ಆ ಸಣ್ಣ ಗುಂಪುಗಳ ಬೆನ್ನಿಗೆ ನಿಂತಿತು. ಇವತ್ತು ನಮ್ಮ ಹಳ್ಳಿ ಹಳ್ಳಿಯಲ್ಲೂ ಕಾಣುವ ಸ್ವಸಹಾಯ ಗುಂಪಿನ ಬೇರುಗಳಲ್ಲಿ ಇದೂ ಒಂದು. ಹೊರಗಿನವರು ಕಟ್ಟಿಕೊಟ್ಟದ್ದು ಬಿದ್ದಿತು, ಊರವರು ತಾವೇ ಕಟ್ಟಿಕೊಂಡದ್ದು ನಿಂತಿತು.

1990ರ ಆಸುಪಾಸಿನಲ್ಲಿ ಇದೇ ಸಂಸ್ಥೆಯ ಜೊತೆ ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಅವರೂ ಸೇರಿ ಬೆಳೆಸಿದ ಪದ್ಧತಿ ಈಗ ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದೆ. ಊರವರೇ ನೆಲದ ಮೇಲೆ ರಂಗೋಲಿ ಪುಡಿ, ಬೀಜ, ಕಲ್ಲು ಬಳಸಿ ತಮ್ಮೂರಿನ ನಕ್ಷೆ ಬರೆಯುತ್ತಾರೆ. ಯಾವ ತಿಂಗಳಲ್ಲಿ ಕೂಲಿ ಇಲ್ಲ, ಯಾವ ತಿಂಗಳಲ್ಲಿ ಸಾಲ, ಯಾವಾಗ ಜ್ವರ ಜಾಸ್ತಿ ಎಂಬ ವರ್ಷದ ಪಂಚಾಂಗ ಹಾಕುತ್ತಾರೆ. ಬಂದ ಅಧಿಕಾರಿ ಕೈಕಟ್ಟಿ ಕೂತು ಕೇಳಬೇಕು. 1961ರಲ್ಲಿ ಶುರುವಾದ ಅಮೆರಿಕದ ಪೀಸ್ ಕೋರ್ ಕೂಡ ತನ್ನ ಸ್ವಯಂಸೇವಕರಿಗೆ ಇಂಥದ್ದೇ ಉಪಕರಣಗಳನ್ನು ಕೊಡುತ್ತದೆ: ಊರಿನ ನಕ್ಷೆ, ದಿನಚರಿ, ಋತುಮಾನದ ಪಟ್ಟಿ, ಬೇಕುಗಳ ಆದ್ಯತೆ. ಅದರ ಸೇವಾವಧಿ 27 ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ಅಲ್ಲಿಯ ಭಾಷೆ, ಬದುಕು ಕಲಿಯುವುದಕ್ಕೇ ಮೀಸಲು.

ನಾವು ವಿದ್ಯಾರ್ಥಿಗಳು ಹಳ್ಳಿಯ ನಕ್ಷೆ ಬರೆಸಬೇಕಿಲ್ಲ. ಆದರೆ ಹೋದ ಮೊದಲ ಎರಡು ತಿಂಗಳು ಏನನ್ನೂ ಶುರುಮಾಡದೆ ನೋಡುವುದು, ಕೇಳುವುದು ನಮ್ಮ ಕೈಯಲ್ಲೇ ಇದೆ. ಬಸ್ ನಿಲ್ದಾಣದ ನೋಟಿಸ್ ಬೋರ್ಡ್, ಗ್ರಂಥಾಲಯ, ಚರ್ಚಿನ ಬಾಗಿಲು, ಪುರಸಭೆಯ ಕಚೇರಿ. ಯಾರು ಯಾವುದಕ್ಕೆ ಜನ ಕರೆಯುತ್ತಿದ್ದಾರೆ ಎಂದು ಬರೆದಿಟ್ಟುಕೊಳ್ಳಿ. ಜರ್ಮನಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ನೋಂದಾಯಿತ ಸಂಘಗಳಿವೆ, ಒಂದು ಸಂಘ ನೋಂದಾಯಿಸಲು ಏಳು ಜನ ಸಾಕು. ಅನೇಕ ನಗರಗಳಲ್ಲಿ ಸ್ವಯಂಸೇವಕರನ್ನೂ ಸಂಘಗಳನ್ನೂ ಜೋಡಿಸಲೆಂದೇ ಪ್ರತ್ಯೇಕ ಕಚೇರಿ ಇದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘಗಳೇ ಈ ಕೆಲಸ ಮಾಡುತ್ತವೆ. ಹೊಸದನ್ನು ಹುಟ್ಟುಹಾಕುವ ಹುಮ್ಮಸ್ಸು ಸಹಜ. ಆದರೆ ಹತ್ತು ವರ್ಷದಿಂದ ನಡೆಯುತ್ತಿರುವ, ಕೈ ಸಾಲದೆ ಒದ್ದಾಡುತ್ತಿರುವ ಕೆಲಸಕ್ಕೆ ಹೆಗಲು ಕೊಡುವುದೇ ಹೆಚ್ಚು ಸಲ ಬಾಳಿಕೆಯ ದಾರಿ.

ಗಂಟೆಯ ಲೆಕ್ಕ, ಕಾನೂನಿನ ಲೆಕ್ಕ

ನಮ್ಮ ಎನ್‌ಎಸ್‌ಎಸ್ ಲೆಕ್ಕ ನೆನಪಿದೆಯಲ್ಲ? ವರ್ಷಕ್ಕೆ 120 ಗಂಟೆ, ಅಂದರೆ ತಿಂಗಳಿಗೆ ಹತ್ತು. ವಿದೇಶದಲ್ಲಿ ಓದು, ಪಾರ್ಟ್‌ಟೈಮ್ ಕೆಲಸ, ಅಡುಗೆ, ಬಟ್ಟೆ ಎಲ್ಲ ಮುಗಿದ ಮೇಲೆ ಉಳಿಯುವುದು ಅದರ ಅರ್ಧವೂ ಇರಲಾರದು. ಹಾಗಾಗಿ ಅರ್ಜಿ ತುಂಬುವ ಮೊದಲು ವರ್ಷದ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಪರೀಕ್ಷೆಯ ವಾರಗಳು, ಥೀಸಿಸ್ ತಿಂಗಳು, ಊರಿಗೆ ಬರುವ ರಜೆ ಎಲ್ಲವನ್ನೂ ಕೆಂಪು ಮಾಡಿ. ಉಳಿದ ಬಿಳಿ ಜಾಗದಲ್ಲಿ ಕೂರುವ ಕೆಲಸ ಮಾತ್ರ ನಿಮ್ಮದು. ವಾರಕ್ಕೆ ಆರು ಗಂಟೆ ಎಂದು ಹೇಳಿ ಮೂರನೇ ವಾರ ಮಾಯವಾಗುವವರಿಗಿಂತ, ತಿಂಗಳಿಗೆ ಒಂದೇ ಶನಿವಾರ ಎಂದು ಹೇಳಿ ತಪ್ಪದೆ ಬರುವವರು ಸಂಘಗಳಿಗೆ ಬೇಕು.

ಕಾನೂನನ್ನೂ ಮರೆಯಬೇಡಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಎರಡು ಬಗೆಯ ಸೇವೆಗೆ ವ್ಯತ್ಯಾಸವಿದೆ. ಒಪ್ಪಂದ, ನಿಗದಿತ ಹೊಣೆ ಇರುವ ಸಂಬಳವಿಲ್ಲದ ಕೆಲಸ ನಿಮ್ಮ ವಾರದ ಕೆಲಸದ ಗಂಟೆಗಳ ಮಿತಿಯೊಳಗೆ ಸೇರುತ್ತದೆ. ಮನಸ್ಸಿಗೆ ಬಂದಾಗ ಸಂಘಕ್ಕೆ ಕೈಜೋಡಿಸುವುದು ಸೇರುವುದಿಲ್ಲ. ಅಮೆರಿಕದಲ್ಲಿ ಎಫ್-1 ವೀಸಾದವರು, ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ‘ಸೇವೆ’ ಎಂದು ಪುಕ್ಕಟೆ ಮಾಡುವಂತಿಲ್ಲ. ಈ ನಿಯಮದ ಹಿಂದೆ ನ್ಯಾಯವೂ ಇದೆ. ನಾವು ಪುಕ್ಕಟೆ ಮಾಡಿದ್ದಕ್ಕೆ ಇನ್ಯಾರದೋ ಕೂಲಿ ತಪ್ಪಬಾರದು. ಅನುಮಾನವಿದ್ದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗಕ್ಕೆ ಇ-ಮೇಲ್ ಬರೆದು, ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಬಾಳಿಕೆ ಬಂದ ಮೂರು ಕೆಲಸ

ಬಾಳುವ ಕೆಲಸದ ಲಕ್ಷಣ ಏನು? ಮೂರು ಉದಾಹರಣೆ ಕೊಡುತ್ತೇನೆ. ಮೂರರಲ್ಲೂ ಹೊಸಬರಿಗೆ ಜಾಗವಿದೆ.

ಮೊದಲನೆಯದು ಪಾರ್ಕ್‌ರನ್. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರೊಂದಿಗೆ ಶುರುವಾದ ಐದು ಕಿಲೋಮೀಟರ್ ಓಟ ಇಂದು ಹಲವು ದೇಶಗಳ ಪಾರ್ಕುಗಳಲ್ಲಿ ಪ್ರತಿ ಶನಿವಾರ ನಡೆಯುತ್ತದೆ. ನಡೆಸುವವರು ಸ್ವಯಂಸೇವಕರು. ಅದು ಬಾಳಿದ ಗುಟ್ಟು ಕೆಲಸ ಹಂಚಿದ ರೀತಿಯಲ್ಲಿದೆ. ಒಬ್ಬರು ಸಮಯ ಬರೆಯುವವರು, ಒಬ್ಬರು ಬಾರ್‌ಕೋಡ್ ಹಿಡಿಯುವವರು, ಒಬ್ಬರು ತಿರುವಿನಲ್ಲಿ ನಿಂತು ದಾರಿ ತೋರುವವರು, ಎಲ್ಲರಿಗಿಂತ ಹಿಂದೆ ನಡೆದುಕೊಂಡು ಬರುವವರು ಇನ್ನೊಬ್ಬರು. ಯಾರೂ ಕೊನೆಯವರಾಗಿ ಉಳಿಯಬಾರದೆಂದು! ಪ್ರತಿ ಕೆಲಸವನ್ನೂ ಹತ್ತು ನಿಮಿಷದಲ್ಲಿ ಕಲಿಯಬಹುದು. ಇವತ್ತು ನೀವು, ಮುಂದಿನ ವಾರ ಮತ್ತೊಬ್ಬರು.

ಎರಡನೆಯದು ಫುಡ್‌ಶೇರಿಂಗ್. ಜರ್ಮನಿಯಲ್ಲಿ ವರ್ಷಕ್ಕೆ ಸುಮಾರು 1.1 ಕೋಟಿ ಟನ್ ಆಹಾರ ಕಸವಾಗುತ್ತದೆ. 2012ರಲ್ಲಿ ಶುರುವಾದ ಈ ಜಾಲದ ಸದಸ್ಯರು ಅಂಗಡಿ, ಬೇಕರಿಗಳಲ್ಲಿ ಮಾರಾಟವಾಗದೆ ಉಳಿದ, ತಿನ್ನಲು ಯೋಗ್ಯವಾದ ಆಹಾರವನ್ನು ತಂದು ಹಂಚುತ್ತಾರೆ, ಇಲ್ಲವೇ ಬೀದಿ ಬದಿಯ ಸಾರ್ವಜನಿಕ ಕಪಾಟಿನಲ್ಲಿ ಇಡುತ್ತಾರೆ. ಯಾರು ಬೇಕಾದರೂ ಒಯ್ಯಬಹುದು. ಸೇರಲು ಮೊದಲು ಪ್ರಶ್ನೋತ್ತರ ಪರೀಕ್ಷೆ ಪಾಸಾಗಬೇಕು, ಆಮೇಲೆ ಹಳಬರ ಜೊತೆ ಕೆಲವು ಸಲ ಹೋಗಿ ಕಲಿಯಬೇಕು. ಹೇಳಿದ ಹೊತ್ತಿಗೆ ಹೋಗದಿದ್ದರೆ ಅಂಗಡಿಯವರ ವಿಶ್ವಾಸ ಹೋಗುತ್ತದೆ, ಆ ನಷ್ಟ ಇಡೀ ಗುಂಪಿಗೆ. ಆದ್ದರಿಂದ ಈ ಬಿಗಿ.

ಮೂರನೆಯದು ರಿಪೇರಿ ಕೆಫೆ. 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬಾಕೆ ಇದನ್ನು ಶುರುಮಾಡಿದರು. ಕೆಟ್ಟ ಟೋಸ್ಟರ್, ನಿಂತ ಗಡಿಯಾರ, ಹರಿದ ಕೋಟು ಹಿಡಿದು ಜನ ಬರುತ್ತಾರೆ. ಬಿಟ್ಟು ಹೋಗುವಂತಿಲ್ಲ, ರಿಪೇರಿ ಮಾಡುವವರ ಪಕ್ಕದಲ್ಲೇ ಕೂತು ನೋಡಬೇಕು, ಕೈಜೋಡಿಸಬೇಕು. ಜೊತೆಗೆ ಕಾಫಿ, ಕೇಕು. ನನ್ನೂರಿನಲ್ಲಿ ತಿಂಗಳ ಮೊದಲ ಶನಿವಾರ ಇದು ನಡೆಯುತ್ತದೆ. ನಾನು ಕೂರುವುದು ಬಾಗಿಲ ಬಳಿಯ ಮೇಜಿನಲ್ಲಿ: ಹೆಸರು, ವಸ್ತು, ಏನು ತೊಂದರೆ ಎಂದು ಬರೆದುಕೊಂಡು ಸರಿಯಾದ ಕೈಗೆ ಕಳಿಸುವುದು. ಸೋಲ್ಡರಿಂಗ್ ಮಾಡುವವರಲ್ಲಿ ಹೆಚ್ಚಿನವರು ನಿವೃತ್ತರು. ತರಗತಿಯಲ್ಲಿ ಎರಡು ಸೆಮಿಸ್ಟರ್ ಕಲಿತ ಜರ್ಮನ್ ಭಾಷೆಗಿಂತ ಹೆಚ್ಚಿನದನ್ನು ಆ ಮೇಜು ನನಗೆ ಕಲಿಸಿದೆ. ‘ಗಂಡ ತಂದುಕೊಟ್ಟ ರೇಡಿಯೊ, ಅವನಿಲ್ಲ, ಇದಾದರೂ ಹಾಡಲಿ’ ಎಂದು ಬರುವ ಅಜ್ಜಿಯರ ಮಾತನ್ನು ಯಾವ ಪಠ್ಯಪುಸ್ತಕ ಕಲಿಸೀತು?

ಈ ಕಲ್ಪನೆ ಬೆಂಗಳೂರಿಗೂ ಬಂದಿದೆ. 2015ರಲ್ಲಿ ಪೂರ್ಣಾ ಸರ್ಕಾರ್ ಮತ್ತು ಅಂತರಾ ಮುಖರ್ಜಿ ಅಲ್ಲಿ ರಿಪೇರಿ ಕೆಫೆ ಶುರುಮಾಡಿದರು. ಕೊಡೆ ರಿಪೇರಿ, ಮಿಕ್ಸಿ ರಿಪೇರಿ, ಪಾತ್ರೆಗೆ ಕಲಾಯಿ ಎಂದು ಬೀದಿ ಬೀದಿಯಲ್ಲಿ ಕೂಗಿ ಬರುತ್ತಿದ್ದವರ ನಾಡಿಗೆ ಇದು ಹೊಸತೇನಲ್ಲ, ಮರೆತದ್ದು. ವಿದೇಶದಲ್ಲಿ ಕಲಿತ ಸೇವೆಯಲ್ಲಿ ಮೂಟೆ ಕಟ್ಟಿಕೊಂಡು ತರಬಹುದಾದದ್ದು ಏನಾದರೂ ಇದ್ದರೆ ಅದು ಇಂಥ ನಡೆಸುವ ಕ್ರಮ.

ಒತ್ತಕ್ಷರದಲ್ಲಿ ನಿಂತ ತರಗತಿ

ಇನ್ನು ನಮ್ಮವರ ನಡುವಿನ ಸೇವೆ. ಹೊರದೇಶದ ಕನ್ನಡ ಕುಟುಂಬಗಳ ಮಕ್ಕಳಿಗೆ ಅಕ್ಷರ ಕಲಿಸುವುದು ಹಲವರ ಆಸೆ. ನನಗೆ ಗೊತ್ತಿರುವ ಒಂದು ನಗರದಲ್ಲಿ ಬಹಳ ಪ್ರೀತಿಯಿಂದ ಕಲಿಸುತ್ತಿದ್ದವರೊಬ್ಬರಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಮಕ್ಕಳು ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದರು. ಪಾಠದ ಹಾಳೆಗಳೆಲ್ಲ ಅವರ ಲ್ಯಾಪ್‌ಟಾಪಿನಲ್ಲಿ, ಕೋಣೆ ಕಾದಿರಿಸಿದ್ದು ಅವರ ಹೆಸರಿನಲ್ಲಿ, ಮಕ್ಕಳಿಗೆ ಗೊತ್ತಿದ್ದ ಟೀಚರ್ ಅವರೊಬ್ಬರೇ. ತರಗತಿ ನಿಂತಿತು. ‘ಅಜ್ಜಿ’ ಎಂದು ಬರೆಯಲು ಇನ್ನೊಂದೇ ಪಾಠ ಬಾಕಿಯಿತ್ತು ಎಂದು ತಾಯಿಯೊಬ್ಬರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅದರಲ್ಲಿ ಆ ಟೀಚರ್ ತಪ್ಪೇನಿಲ್ಲ, ಅವರು ಒಬ್ಬರೇ ಹೊತ್ತಿದ್ದರು ಅಷ್ಟೇ. ಅದೇ ಕೆಲಸವನ್ನು ಒಂದು ತರಗತಿಗೆ ಇಬ್ಬರು ಟೀಚರ್, ಸರದಿಯ ಮೇಲೆ ಬರುವ ಪೋಷಕರು, ಸಂಘದ ಹೆಸರಿನಲ್ಲಿ ಕೋಣೆ, ಎಲ್ಲರ ಕೈಗೂ ಸಿಗುವ ಪಾಠಪಟ್ಟಿ ಎಂದು ಹಂಚಿಕೊಂಡರೆ ಯಾರು ಹೊರಟರೂ ‘ಅಜ್ಜಿ’ ಬರುತ್ತಾಳೆ.

ಊರು ಪದೇಪದೇ ಬದಲಾಯಿಸಬೇಕಾದವರಿಗೆ ಇನ್ನೊಂದು ದಾರಿಯಿದೆ. 2003ರಿಂದ ಇರುವ ಕನ್ನಡ ವಿಕಿಪೀಡಿಯ, ಅದರ ಸೋದರ ಯೋಜನೆಯಾದ ವಿಕಿಸೋರ್ಸ್. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳ ಸ್ಕ್ಯಾನ್ ಮಾಡಿದ ಪುಟಗಳನ್ನು ಅಲ್ಲಿ ಅಕ್ಷರ ಅಕ್ಷರ ತಾಳೆ ನೋಡಿ ತಿದ್ದಬೇಕು. ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳು ಇವು. ಒಬ್ಬರು ತಿದ್ದಿದರೆ ಪುಟಕ್ಕೆ ಹಳದಿ ಗುರುತು, ಬೇರೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ನೀವು 37ನೇ ಪುಟಕ್ಕೆ ನಿಲ್ಲಿಸಿದರೆ ಇನ್ಯಾರೋ 38ರಿಂದ ಮುಂದುವರಿಸಬಹುದು. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುವ ಈ ಊರುಗಳಲ್ಲಿ ಕೋಣೆಯೊಳಗೇ ಕೂತು ಮಾಡಬಹುದಾದ, ವೀಸಾ ಮುಗಿದರೂ ಮುಗಿಯದ ಕೆಲಸ ಇದು.

ಸೇರುವ ದಿನವೇ ಹೊರಡುವ ತಯಾರಿ

ಹಾಗಾದರೆ ಆಯ್ಕೆ ಹೇಗೆ? ಸಂಘದವರ ಮುಂದೆ ಕೂತಾಗ ಐದು ಪ್ರಶ್ನೆ ಕೇಳಿ. ಈ ಕೆಲಸ ಬೇಕೆಂದು ಮೊದಲು ಹೇಳಿದವರು ಯಾರು? ನಾನು ಬರುವ ಮೊದಲು ಇದನ್ನು ಯಾರು ಮಾಡುತ್ತಿದ್ದರು, ಅವರು ಯಾಕೆ ಬಿಟ್ಟರು? ನನಗೆ ಎಷ್ಟು ದಿನದಲ್ಲಿ ಕಲಿಸುತ್ತೀರಿ? ನಾನು ಬರದ ದಿನ ಏನಾಗುತ್ತದೆ? ನಾನು ಹೋದ ಮೇಲೆ ಯಾರು? ಕೊನೆಯ ಎರಡಕ್ಕೆ ಉತ್ತರ ಸಿಗದಿದ್ದರೆ ಅದನ್ನು ಹುಡುಕುವುದೇ ನಿಮ್ಮ ಮೊದಲ ಸೇವೆ. ‘ನನ್ನಿಂದಲೇ ನಡೆಯುತ್ತಿದೆ’ ಎನ್ನುವಂತಾದರೆ ಕೇಳಲು ಹಿತ. ಆದರೆ ಸಂಘಕ್ಕೆ ಅದೇ ಅಪಾಯದ ಗಂಟೆ.

ಹೊರಡಲು ಆರು ತಿಂಗಳಿರುವಾಗಲೇ ಒಂದು ನೋಟ್‌ಬುಕ್ ಮಾಡಿ. ಯಾರ ಫೋನ್ ನಂಬರ್ ಯಾವುದಕ್ಕೆ, ಯಾವ ಅಂಗಡಿಯವರು ಎಷ್ಟು ಗಂಟೆಗೆ ಬರಹೇಳುತ್ತಾರೆ, ಯಾವ ಸ್ವಿಚ್ ಹಾಕಿದರೆ ಫ್ಯೂಸ್ ಹೋಗುತ್ತದೆ. ನಮಗೆ ಚಿಲ್ಲರೆ ಎನಿಸುವ ಇಂಥ ಸಂಗತಿಗಳೇ ಹೊಸಬರನ್ನು ಮೊದಲ ದಿನ ಕಂಗಾಲು ಮಾಡುವುದು. ಮೂರು ತಿಂಗಳಿರುವಾಗ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೊನೆಯ ತಿಂಗಳು ಅವರು ಮಾಡಲಿ, ನೀವು ಪಕ್ಕದಲ್ಲಿರಿ.

ನಮ್ಮ ರಿಪೇರಿ ಕೆಫೆಯ ಮೇಜಿಗೆ ಈಗ ಇಬ್ಬರು ಬರುತ್ತಿದ್ದಾರೆ. ಒಬ್ಬಾಕೆ ಸಿರಿಯಾದಿಂದ ಬಂದ ಗೃಹಿಣಿ, ಇನ್ನೊಬ್ಬ ಇದೇ ಊರಿನ ಹೈಸ್ಕೂಲ್ ಹುಡುಗ. ಹುಡುಗನ ಕೈಬರಹ ನನ್ನದಕ್ಕಿಂತ ಚಂದ. ಆಕೆಗೆ ಹೊಲಿಗೆ ಗೊತ್ತಿರುವುದರಿಂದ ಹರಿದ ಬಟ್ಟೆ ತಂದವರಿಗೆ ಎಷ್ಟು ಹೊತ್ತಾಗುತ್ತದೆ ಎಂದು ಬಾಗಿಲಲ್ಲೇ ಹೇಳಿಬಿಡುತ್ತಾಳೆ, ಅದು ನನಗೆ ಎಂದೂ ಸಾಧ್ಯವಾಗಿರಲಿಲ್ಲ. ಸಭಾಂಗಣದ ಬೀಗದ ಕೈ ಈ ತಿಂಗಳಿಂದ ಅವಳ ಬಳಿ ಇದೆ.